ಹಲ್ಲಿನ ತಂತಿ ತೆಗೆದ ನಂತರ ರಿಟೇನರ್ ಆಯ್ಕೆ ಮತ್ತು ಧಾರಣೆ: ಸಾರ್ವಜನಿಕರಿಗೆ ಮಾಹಿತಿ

ವಕ್ರವಾದ, ಉಬ್ಬಿದ ಅಥವಾ ಸಂದುಬಿಟ್ಟ ಹಲ್ಲುಗಳನ್ನು ತಂತಿ ಅಳವಡಿಸಿ ಸರಿಪಡಿಸುವ ಆರ್ಥೊಡಾಂಟಿಕ್ ಚಿಕಿತ್ಸೆಯು ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ವರ್ಷ ನಡೆಯುತ್ತದೆ. ತಂತಿ ತೆಗೆದ ದಿನವೇ ಚಿಕಿತ್ಸೆ ಮುಗಿಯಿತೆಂದು ಅನೇಕ ರೋಗಿಗಳು ಹಾಗೂ ಪೋಷಕರು ಭಾವಿಸುತ್ತಾರೆ. ವಾಸ್ತವವಾಗಿ ಅಂದಿನಿಂದ ಚಿಕಿತ್ಸೆಯ ಎರಡನೆಯ ಹಂತ ಆರಂಭವಾಗುತ್ತದೆ. ಈ ಹಂತದಲ್ಲಿ ಹಲ್ಲುಗಳನ್ನು ಹೊಸ ಸ್ಥಾನದಲ್ಲಿ ಹಿಡಿದಿಡುವ ಸಾಧನಕ್ಕೆ ರಿಟೇನರ್ ಎನ್ನಲಾಗುತ್ತದೆ. ಇದನ್ನು ಧರಿಸದೆ ಬಿಟ್ಟಲ್ಲಿ ವರ್ಷಗಳ ಶ್ರಮ ಹಾಗೂ ವೆಚ್ಚ ವ್ಯರ್ಥವಾಗಿ, ಪುನಃ ತಂತಿ ಹಾಕಿಸಬೇಕಾದ ಸಂದರ್ಭ ಬರಬಹುದು.

1. ರಿಟೇನರ್ ಏಕೆ ಅವಶ್ಯಕ?

ಹಲ್ಲಿನ ಬೇರು ದವಡೆಯ ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಸೂಕ್ಷ್ಮ ತಂತುಗಳ ಮೂಲಕ ಬಂಧಿಸಲ್ಪಟ್ಟಿರುತ್ತದೆ. ಹಲ್ಲು ಸರಿದಾಗ ಈ ತಂತುಗಳು ಎಳೆಯಲ್ಪಡುತ್ತವೆ. ಬೇರಿನ ಸುತ್ತಲಿನ ತಂತುಗಳು ಹೊಸ ಸ್ಥಾನಕ್ಕೆ ಹೊಂದಿಕೊಳ್ಳಲು 3ರಿಂದ 4 ತಿಂಗಳು ಬೇಕಾಗುತ್ತದೆ. ವಸಡಿನಲ್ಲಿರುವ ಸ್ಥಿತಿಸ್ಥಾಪಕ ತಂತುಗಳಿಗೆ ಒಂದು ವರ್ಷದವರೆಗೂ ಬೇಕಾಗಬಹುದು. ಅಲ್ಲಿಯವರೆಗೆ ಅವು ಹಲ್ಲನ್ನು ಹಳೆಯ ಸ್ಥಾನದತ್ತ ಎಳೆಯುತ್ತಲೇ ಇರುತ್ತವೆ. ಇದಲ್ಲದೆ, ಎಂದೂ ತಂತಿ ಹಾಕಿಸದವರಲ್ಲಿಯೂ ವಯಸ್ಸಾದಂತೆ ಕೆಳಗಿನ ಮುಂಬದಿಯ ಹಲ್ಲುಗಳು ಅಲ್ಪಸ್ವಲ್ಪ ಒತ್ತೊತ್ತಾಗುವುದು ಸಹಜ. ಆದ್ದರಿಂದ ಮೊದಲ ವರ್ಷದ ನಂತರವೂ ರಾತ್ರಿ ವೇಳೆ ರಿಟೇನರ್ ಮುಂದುವರಿಸಲು ವೈದ್ಯರು ಸೂಚಿಸುತ್ತಾರೆ.

2. ರಿಟೇನರ್‌ಗಳ ವಿಧಗಳು

(ಅ) ಹಾಲೆ ರಿಟೇನರ್: ಅಂಗುಳಿಗೆ ಹೊಂದುವ ಅಕ್ರಿಲಿಕ್ ಪ್ಲೇಟ್ ಹಾಗೂ ಮುಂಬದಿಯ ಹಲ್ಲುಗಳ ಮೇಲೆ ಹಾಯುವ ಉಕ್ಕಿನ ತಂತಿಯನ್ನು ಒಳಗೊಂಡಿರುತ್ತದೆ. ದೀರ್ಘಕಾಲ ಬಾಳಿಕೆ ಬರುತ್ತದೆ. ಸಡಿಲವಾದಲ್ಲಿ ವೈದ್ಯರು ಬಿಗಿಗೊಳಿಸಬಹುದು. ತಂತಿ ಹೊರಗೆ ಕಾಣುತ್ತದೆ. ಮೊದಲ ಕೆಲವು ದಿನ ‘ಸ’, ‘ಶ’ ಅಕ್ಷರಗಳ ಉಚ್ಚಾರಣೆ ತೊಡಕಾಗಿ, ಬಾಯಲ್ಲಿ ಜೊಲ್ಲು ಹೆಚ್ಚಾಗಬಹುದು. ಇದು ತಾನಾಗಿಯೇ ಸರಿಹೋಗುತ್ತದೆ.

(ಆ) ಪಾರದರ್ಶಕ ಪ್ಲಾಸ್ಟಿಕ್ ರಿಟೇನರ್: ಹಲ್ಲುಗಳ ಅಚ್ಚಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ಕೂರಿಸಿ ತಯಾರಿಸಲಾಗುತ್ತದೆ. ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಕಾಲಕ್ರಮೇಣ ಸವೆಯುತ್ತದೆ, ಸೀಳುತ್ತದೆ. ನಿದ್ರೆಯಲ್ಲಿ ಹಲ್ಲು ಕಡಿಯುವವರಲ್ಲಿ ಬೇಗ ಹಾಳಾಗುತ್ತದೆ. ಹಾಳಾದಲ್ಲಿ ಹೊಸದನ್ನೇ ಮಾಡಿಸಬೇಕಾಗುತ್ತದೆ.

(ಇ) ಸ್ಥಿರ ರಿಟೇನರ್: ಮುಂಬದಿಯ ಹಲ್ಲುಗಳ ಹಿಂಭಾಗಕ್ಕೆ, ಸಾಮಾನ್ಯವಾಗಿ ಒಂದು ಕೋರೆಹಲ್ಲಿನಿಂದ ಮತ್ತೊಂದರವರೆಗೆ, ಅಂಟಿಸುವ ಸಣ್ಣ ತಂತಿ. ಹೊರಗೆ ಕಾಣುವುದಿಲ್ಲ, ಮರೆಯುವ ಪ್ರಶ್ನೆಯೂ ಇಲ್ಲ. ಆದರೆ ತಂತಿಯ ಸುತ್ತ ಪಾಚಿ ಕಟ್ಟುವುದರಿಂದ ಸ್ವಚ್ಛತೆಗೆ ಹೆಚ್ಚಿನ ಶ್ರಮ ಬೇಕು.

3. ಆಯ್ಕೆ ಮಾಡುವ ಮುನ್ನ ಗಮನಿಸಬೇಕಾದ ಅಂಶಗಳು

ಎಲ್ಲರಿಗೂ ಒಪ್ಪುವ ಒಂದೇ ವಿಧವಿಲ್ಲ. ತಂತಿ ತೆಗೆಯುವ ಮೊದಲೇ ಈ ಕೆಳಗಿನ ಸಂಗತಿಗಳನ್ನು ವೈದ್ಯರಿಗೆ ತಿಳಿಸತಕ್ಕದ್ದು:

• ಚಿಕಿತ್ಸೆಗೆ ಮುನ್ನ ಮುಂಬದಿಯ ಹಲ್ಲುಗಳ ನಡುವೆ ಸಂದಿದ್ದಲ್ಲಿ ಅಥವಾ ಹಲ್ಲುಗಳು ತಿರುಚಿಕೊಂಡಿದ್ದಲ್ಲಿ ಅವು ಹಿಂದಿರುಗುವ ಸಂಭವ ಹೆಚ್ಚು. ಇಂತಹವರಿಗೆ ಸ್ಥಿರ ರಿಟೇನರ್ ಉಪಯುಕ್ತ.
• ವಿದ್ಯಾರ್ಥಿನಿಲಯಕ್ಕೆ ಅಥವಾ ಪರಊರಿಗೆ ತೆರಳುವವರು ಆರು ತಿಂಗಳಿಗೊಮ್ಮೆ ತಪಾಸಣೆಗೆ ಬರಬಲ್ಲರೇ ಎಂಬುದನ್ನು ಯೋಚಿಸಬೇಕು. ಸ್ಥಿರ ತಂತಿ ಒಂದು ಹಲ್ಲಿನಿಂದ ಬಿಟ್ಟುಕೊಂಡರೂ ಅನೇಕ ಬಾರಿ ನೋವಾಗುವುದಿಲ್ಲ. ತಿಳಿಯುವ ವೇಳೆಗೆ ಆ ಹಲ್ಲು ಸರಿದಿರುತ್ತದೆ.
• ವಸಡಿನ ರೋಗ ಇರುವವರು ಹಾಗೂ ನಿದ್ರೆಯಲ್ಲಿ ಹಲ್ಲು ಕಡಿಯುವವರು ಅದನ್ನು ಮುಂಚಿತವಾಗಿ ತಿಳಿಸಬೇಕು.
• ಕಳೆದುಹೋದಲ್ಲಿ ಮತ್ತೆ ಮಾಡಿಸಲು ತಗಲುವ ವೆಚ್ಚವನ್ನು ಮೊದಲೇ ವಿಚಾರಿಸುವುದು ಒಳಿತು.

4. ಧರಿಸುವ ಕ್ರಮ

ತೆಗೆದು ಹಾಕುವ ರಿಟೇನರ್‌ಗಳನ್ನು ಸಾಮಾನ್ಯವಾಗಿ ಮೊದಲ 3ರಿಂದ 6 ತಿಂಗಳು, ಊಟ ಹಾಗೂ ಹಲ್ಲುಜ್ಜುವ ಸಮಯ ಹೊರತುಪಡಿಸಿ, ದಿನವಿಡೀ ಧರಿಸಲು ಸೂಚಿಸಲಾಗುತ್ತದೆ; ನಂತರ ರಾತ್ರಿ ಮಾತ್ರ. ಕೆಲವರಿಗೆ ಆರಂಭದಿಂದಲೇ ರಾತ್ರಿ ಧರಿಸಿದರೆ ಸಾಕಾಗುತ್ತದೆ. ಅವಧಿಯನ್ನು ಚಿಕಿತ್ಸೆ ನೀಡಿದ ವೈದ್ಯರೇ ನಿರ್ಧರಿಸುತ್ತಾರೆ. ಸ್ನೇಹಿತರ ಅಥವಾ ಬಂಧುಗಳ ಅನುಭವವನ್ನು ಅನುಸರಿಸಬಾರದು.

ಕೆಲವು ದಿನ ಬಿಟ್ಟು ಧರಿಸಿದಾಗ ಬಿಗಿಯೆನಿಸಿದಲ್ಲಿ ಹಲ್ಲುಗಳು ಸರಿಯಲಾರಂಭಿಸಿವೆ ಎಂದರ್ಥ. ಪೂರ್ಣವಾಗಿ ಕೂರುವಂತಿದ್ದರೆ ನಿಯಮಿತ ಧಾರಣೆಯನ್ನು ಕೂಡಲೇ ಪುನರಾರಂಭಿಸಬೇಕು. ಕೂರದಿದ್ದರೆ ಬಲವಂತವಾಗಿ ಒತ್ತದೆ ವೈದ್ಯರನ್ನು ಕಾಣಬೇಕು.

5. ನಿರ್ವಹಣೆ

• ಪ್ರತಿದಿನ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ, ಮೃದು ಬ್ರಷ್‌ನಿಂದ ತೊಳೆಯಬೇಕು. ಕುದಿಯುವ ನೀರಿನಲ್ಲಿ ಹಾಕಿದರೆ ಆಕಾರ ಕೆಡುತ್ತದೆ.
• ಪಾರದರ್ಶಕ ರಿಟೇನರ್ ಧರಿಸಿ ಕಾಫಿ, ಚಹಾ, ಹಣ್ಣಿನ ರಸ ಅಥವಾ ತಂಪು ಪಾನೀಯ ಸೇವಿಸಬಾರದು. ಸಕ್ಕರೆ ಒಳಗೆ ನಿಂತು ಹುಳುಕಿಗೆ ಕಾರಣವಾಗುತ್ತದೆ.
• ಊಟದ ವೇಳೆ ತೆಗೆದದ್ದನ್ನು ಡಬ್ಬಿಯಲ್ಲಿಯೇ ಇಡಬೇಕು. ಕಾಗದದಲ್ಲಿ ಸುತ್ತಿ ತಟ್ಟೆಯ ಪಕ್ಕ ಇಟ್ಟದ್ದು ಕಸದೊಂದಿಗೆ ಹೋಗುವುದು ಸಾಮಾನ್ಯ.
• ಸ್ಥಿರ ರಿಟೇನರ್ ಇರುವವರು ಸಂದು ಬ್ರಷ್ ಅಥವಾ ಫ್ಲಾಸ್ ಬಳಸಬೇಕು. ಇಡೀ ಅಡಿಕೆ, ಕಬ್ಬು, ಗಟ್ಟಿ ಚಕ್ಕುಲಿ, ಕೋಡುಬಳೆಗಳನ್ನು ಮುಂಬದಿಯ ಹಲ್ಲಿನಿಂದ ಕಚ್ಚಬಾರದು.
• ಮುರಿದಲ್ಲಿ ಮನೆಯಲ್ಲಿ ಅಂಟು ಹಚ್ಚಿ ಸರಿಪಡಿಸಲು ಯತ್ನಿಸಬಾರದು. ಮುರಿದರೆ ಅಥವಾ ಕಳೆದರೆ ಮುಂದಿನ ತಪಾಸಣೆಯ ದಿನಾಂಕದವರೆಗೆ ಕಾಯದೆ ಕೂಡಲೇ ವೈದ್ಯರನ್ನು ಸಂಪರ್ಕಿಸತಕ್ಕದ್ದು.

6. ಆಸ್ಪತ್ರೆಗೆ ಬರುವಾಗ

ದಂತ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಆರ್ಥೊಡಾಂಟಿಕ್ಸ್ ವಿಭಾಗವನ್ನು ಸಂಪರ್ಕಿಸಬಹುದು. ಹಳೆಯ ಹೊರರೋಗಿ ಚೀಟಿ, ಕ್ಷ-ಕಿರಣ ಚಿತ್ರಗಳು ಹಾಗೂ ಪ್ರಸ್ತುತ ಬಳಸುತ್ತಿರುವ ರಿಟೇನರ್ ಅನ್ನು, ಮುರಿದಿದ್ದಲ್ಲಿ ಅದರ ಎಲ್ಲ ತುಂಡುಗಳೊಡನೆ, ತರತಕ್ಕದ್ದು. ಬೇರೆ ಊರಿಗೆ ತೆರಳುವವರು ಚಿಕಿತ್ಸೆಯ ಸಾರಾಂಶವನ್ನು ಲಿಖಿತವಾಗಿ ಪಡೆದಿಟ್ಟುಕೊಂಡಲ್ಲಿ ಅಲ್ಲಿನ ವೈದ್ಯರು ತಡವಿಲ್ಲದೆ ಮುಂದುವರಿಸಲು ಅನುಕೂಲವಾಗುತ್ತದೆ.

7. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆ

ಬುದ್ಧಿಹಲ್ಲು ಕೀಳಿಸಿದರೆ ರಿಟೇನರ್ ಬೇಡವೇ?

ಬೇಕು. ಬುದ್ಧಿಹಲ್ಲು ಒತ್ತುವುದರಿಂದಲೇ ಮುಂಬದಿಯ ಹಲ್ಲುಗಳು ವಕ್ರವಾಗುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅಧ್ಯಯನಗಳು ಅದನ್ನು ಸಮರ್ಥಿಸಿಲ್ಲ. ಬೇರೆ ತೊಂದರೆಯಿಲ್ಲದೆ ಈ ಉದ್ದೇಶಕ್ಕಾಗಿಯೇ ಬುದ್ಧಿಹಲ್ಲು ಕೀಳಿಸುವ ಅಗತ್ಯವಿಲ್ಲ.

ತಂತಿ ತೆಗೆಯುವ ದಿನವೇ ರಿಟೇನರ್ ದೊರೆಯುವ ದಿನಾಂಕವನ್ನು ಖಚಿತಪಡಿಸಿಕೊಂಡು, ಅದನ್ನು ಪಡೆಯಲು ತಪ್ಪದೆ ಹಾಜರಾಗಬೇಕೆಂದು ರೋಗಿಗಳು ಹಾಗೂ ಪೋಷಕರನ್ನು ಕೋರಲಾಗಿದೆ.