ಜಾವಳಿಯ ಮಳೆಗೆ ಯಾವ ತಾರೀಖು?

ಹೇಮಾವತಿ ಹುಟ್ಟುವ ಜಾವಳಿಯ ಆಸುಪಾಸಿನಲ್ಲಿ ಮಳೆ ಲೆಕ್ಕವೆಂದರೆ ತೋಟದ ಲೆಕ್ಕವೇ. ಬೆಳಗಾಗುತ್ತಲೇ ಮಳೆಮಾಪಕ ನೋಡಿ, ಇಂಚು–ಸೆಂಟುಗಳಲ್ಲಿ ಡೈರಿಗೆ ಬರೆದಿಡುವ ರೂಢಿ ಕಾಫಿ ಸೀಮೆಯ ಎಷ್ಟೋ ಮನೆಗಳಲ್ಲಿದೆ. ಹೂಮಳೆ ಬಿದ್ದು ಎಂಟು–ಹತ್ತು ದಿನಕ್ಕೆ ಗಿಡ ಹೂ ಬಿಡುವುದರಿಂದ ತಾರೀಖಿಗೂ ಬೆಲೆಯಿದೆ. ಈ ಡೈರಿಯನ್ನು ಕಂಪ್ಯೂಟರಿಗೆ ತರಲು ಮೂಡಿಗೆರೆ ಕಡೆಯ ವಿದ್ಯಾರ್ಥಿನಿಯೊಬ್ಬಳು ಕೂತಳು ಎಂದಿಟ್ಟುಕೊಳ್ಳಿ.

ಪೈಥಾನ್ ಭಾಷೆಯ ‘ಜಾಂಗೋ’ ಎಂಬ ವೆಬ್ ಚೌಕಟ್ಟನ್ನು ಆರಿಸಿಕೊಂಡು, ಟರ್ಮಿನಲ್ಲಿನಲ್ಲಿ ‘ಸ್ಟಾರ್ಟ್‌ಪ್ರಾಜೆಕ್ಟ್’ ಎಂದು ಟೈಪಿಸಿ, ಪ್ರಾಜೆಕ್ಟಿಗೊಂದು ಹೆಸರು ಕೊಟ್ಟು ಎಂಟರ್ ಒತ್ತುತ್ತಾಳೆ. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಫೋಲ್ಡರ್, ಅದರೊಳಗೆ ಕೆಲವು ಫೈಲುಗಳು ಸಿದ್ಧ. ಹೆಸರು ಬಿಟ್ಟರೆ ಬೇರೇನನ್ನೂ ಅದು ಕೇಳುವುದಿಲ್ಲ. ಸೆಟ್ಟಿಂಗ್ಸ್ ಫೈಲ್ ತೆರೆದರೆ ತೀರ್ಮಾನಗಳೆಲ್ಲ ಆಗಲೇ ಆಗಿರುತ್ತವೆ: ಭಾಷೆ ಅಮೆರಿಕದ ಇಂಗ್ಲಿಷ್, ಗಡಿಯಾರ ಯುಟಿಸಿ ಎಂಬ ಜಾಗತಿಕ ಸಮಯ, ಮಾಹಿತಿ ಇಡಲು ಎಸ್‌ಕ್ಯೂಲೈಟ್, ದೋಷ ಹುಡುಕುವ ಡೀಬಗ್ ಚಾಲೂ. ಇವೇ ಡೀಫಾಲ್ಟ್‌ಗಳು.

ಗಡಿಯಾರದ ಸಂಗತಿಯನ್ನೇ ನೋಡೋಣ. ನಮ್ಮ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಜುಲೈ 10ರ ನಸುಕಿನ 2.15ಕ್ಕೆ ಸುರಿದ ಮಳೆಯನ್ನು ಸ್ವಯಂಚಾಲಿತ ಮಾಪಕವೊಂದು ದಾಖಲಿಸಿತು ಎನ್ನಿ. ಯುಟಿಸಿಯಲ್ಲಿ ಅದು ಜುಲೈ 9ರ ರಾತ್ರಿ 8.45. ದಿನವಾರು ಮೊತ್ತ ಕೇಳಿದರೆ ಮಳೆ 9ನೇ ತಾರೀಖಿನ ಖಾತೆಗೆ ಹೋಗುತ್ತದೆ. ಜುಲೈ 1ರ ನಸುಕಿನ ಮಳೆಯಾದರಂತೂ ತಿಂಗಳೇ ಬದಲಾಗಿ ಜೂನ್ ಮಳೆ ಎನಿಸಿಕೊಳ್ಳುತ್ತದೆ. ಮಧ್ಯರಾತ್ರಿಯಿಂದ ಬೆಳಗಿನ ಐದೂವರೆವರೆಗಿನ ಎಲ್ಲ ಮಳೆಗೂ ಇದೇ ಗತಿ. ಮಲೆನಾಡಿನ ಮಳೆಗಾಲ ಬಲ್ಲವರಿಗೆ ಇದು ಸಣ್ಣ ಪಾಲಲ್ಲ ಎಂಬುದು ಗೊತ್ತು. ಪ್ರೋಗ್ರಾಮ್ ಎಲ್ಲಿಯೂ ನಿಲ್ಲುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಅಂಕಿಗಳೆಲ್ಲ ಅಚ್ಚುಕಟ್ಟಾಗಿಯೇ ಕಾಣುತ್ತವೆ.

ಸಮಯವಲಯವನ್ನು ‘ಏಷ್ಯಾ/ಕೋಲ್ಕತಾ’ ಎಂದು ತಿದ್ದಿದರೆ ಈ ತೊಡಕು ತಪ್ಪುತ್ತದೆ. ಒಳಗೆ ಎಲ್ಲವನ್ನೂ ಯುಟಿಸಿಯಲ್ಲೇ ಕೂಡಿಡುವುದು ಒಳ್ಳೆಯ ಪದ್ಧತಿ. ತಿದ್ದಬೇಕಾದ್ದು ತಾರೀಖು ಎಣಿಸುವ ಗಡಿಯಾರವನ್ನು. ಆದರೂ ಕೆಲಸ ಪೂರ್ತಿಯಾಗದು. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಅದನ್ನು ಯಾವ ಡೀಫಾಲ್ಟೂ ಕೊಡುವುದಿಲ್ಲ, ನಾವೇ ಬರೆಯಬೇಕು.

ಡೀಫಾಲ್ಟ್ ಎಂಬುದು ಯಾರೋ, ಎಲ್ಲೋ ಕೂತು ಮಾಡಿದ ಆಯ್ಕೆ. ಜಾಂಗೋ ರೂಪುಗೊಂಡದ್ದು ಅಮೆರಿಕದ ಕನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ. ಸಾರ್ವಜನಿಕವಾಗಿ ಬಿಡುಗಡೆಯಾದದ್ದು 2005ರಲ್ಲಿ. ಸೆಟ್ಟಿಂಗ್ಸ್‌ನಿಂದ ಸಮಯವಲಯದ ಸಾಲನ್ನು ಅಳಿಸಿಬಿಟ್ಟರೆ ಇವತ್ತಿಗೂ ಅದು ಹಿಡಿಯುವುದು ‘ಅಮೆರಿಕ/ಶಿಕಾಗೋ’ ಸಮಯವನ್ನು, ಅಂದರೆ ಆ ಊರಿನ ಗಡಿಯಾರವನ್ನು. ಹಳೆಯ ತಂತ್ರಾಂಶಗಳು ಕೆಡದಿರಲೆಂದು ಅದನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ.

ಭಾಷೆಯ ಡೀಫಾಲ್ಟ್ ಇನ್ನೂ ಮೌನವಾಗಿ ಕಾಡುತ್ತದೆ. ವೆಬ್ ಪುಟ ಕಟ್ಟಲು ಬಳಸುವ ‘ವೀಟ್’ ಸಲಕರಣೆ ಹೊಸ ಪ್ರಾಜೆಕ್ಟಿನ ಮೊದಲ ಪುಟದಲ್ಲೇ ‘ಇದು ಇಂಗ್ಲಿಷ್’ ಎಂದು ಬರೆದಿಡುತ್ತದೆ. ಪುಟದ ತುಂಬ ಕನ್ನಡವಿದ್ದರೂ ಆ ಗುರುತನ್ನು ತಿದ್ದುವುದು ಹಲವರಿಗೆ ಹೊಳೆಯುವುದಿಲ್ಲ, ಏಕೆಂದರೆ ಕಣ್ಣಿಗೆ ವ್ಯತ್ಯಾಸ ಕಾಣದು. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಮಾತ್ರ ಆ ಗುರುತನ್ನು ನಂಬಿ, ಕನ್ನಡವನ್ನು ಇಂಗ್ಲಿಷ್ ದನಿಗೆ ಒಪ್ಪಿಸಬಹುದು. ಆಗ ಓದು ತೊದಲುತ್ತದೆ, ಇಲ್ಲವೇ ಅಕ್ಷರಗಳನ್ನು ಹಾರಿಸಿಬಿಡುತ್ತದೆ. ಇ-ಸ್ಪೀಕ್‌ನಂಥ ಉಚಿತ ದನಿ ತಂತ್ರಾಂಶಕ್ಕೆ ಕನ್ನಡ ಬರುತ್ತದೆ. ಕನ್ನಡವೆಂದು ಅದಕ್ಕೆ ತಿಳಿಸಬೇಕು, ಅಷ್ಟೇ.

ಎಲ್ಲ ಡೀಫಾಲ್ಟ್‌ಗಳೂ ಕೆಟ್ಟವಲ್ಲ. ಜಾಂಗೋದಲ್ಲಿ ಪ್ರತಿ ಹೊಸ ಪ್ರಾಜೆಕ್ಟಿಗೂ ಬೇರೆ ಬೇರೆ ಗುಪ್ತ ಕೀಲಿ ತಾನಾಗಿ ಹುಟ್ಟಿಕೊಳ್ಳುವುದು ನಿಜಕ್ಕೂ ಉಪಕಾರ. ಸುರಕ್ಷತೆಯ ವಿಚಾರದಲ್ಲಿ ಸಲಕರಣೆ ಕೇಳದೆಯೇ ಒಳ್ಳೆಯದು ಮಾಡಲಿ. ಬಳಸುವವರ ಭಾಷೆ, ಊರಿನ ಸಮಯ ಇವನ್ನು ಮಾತ್ರ ಕೇಳಿಯೇ ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡು ಪ್ರಶ್ನೆಯಿಂದ ಯಾರ ಕೆಲಸವೂ ತಡವಾಗದು.

ಅಲ್ಲಿಯವರೆಗೆ, ಕನ್ನಡಿಗರಿಗಾಗಿ ತಂತ್ರಾಂಶ ಬರೆಯುವವರು ಮೊದಲ ದಿನವೇ ಸೆಟ್ಟಿಂಗ್ಸ್ ಫೈಲನ್ನು ಸಾಲು ಸಾಲಾಗಿ ಓದಿ. ಭಾಷೆಯ ಜಾಗದಲ್ಲಿ ಕನ್ನಡದ ಸಂಕೇತವಾದ ‘ಕೆಎನ್’ ಹಾಕಿ, ಸಮಯವಲಯ ತಿದ್ದಿ, ಸಾರ್ವಜನಿಕರಿಗೆ ತೆರೆಯುವ ಮುನ್ನ ಡೀಬಗ್ ಬಂದ್ ಮಾಡಿ.