ಶೀರ್ ಖುರ್ಮಾ ತಿಂದ ಮಗುವಿನ ತುಟಿ ಊದಿದರೆ...

ಈದ್‌ನ ಬೆಳಗು. ನಮಾಝ್ ಮುಗಿಸಿ ಬಂದವರಿಗೆಲ್ಲ ಶೀರ್ ಖುರ್ಮಾ ಬಡಿಸಿದ್ದೀರಿ. ನಾನಿಯ ಮಡಿಲಲ್ಲಿ ಕುಳಿತ ಒಂದು ವರ್ಷದ ಮಗುವಿಗೂ ಎರಡು ಚಮಚ ಸಿಕ್ಕಿದೆ. ಹತ್ತೇ ನಿಮಿಷದಲ್ಲಿ ಮಗುವಿನ ತುಟಿ ಊದುತ್ತದೆ, ಹೊಟ್ಟೆಯ ಮೇಲೆ ಕೆಂಪು ಗಂಧೆಗಳು ಏಳುತ್ತವೆ. 'ನಜರ್ ಆಗಿದೆ' ಎನ್ನುತ್ತಾರೆ ಒಬ್ಬರು. 'ಪಿತ್ತ ಎದ್ದಿದೆ, ಮುರುಗಲು ನೀರು ಹಚ್ಚಿ' ಎನ್ನುತ್ತಾರೆ ಇನ್ನೊಬ್ಬರು. ನೀವು ಏನು ಮಾಡುತ್ತೀರಿ?

ಇದು ಆಹಾರದ ಅಲರ್ಜಿ ಇರಬಹುದು. ಮಕ್ಕಳಲ್ಲಿ ಹಾಲು, ಮೊಟ್ಟೆ, ಶೇಂಗಾ, ಗೋಡಂಬಿ, ಪಿಸ್ತಾ, ಮೀನು, ಸಿಗಡಿ, ಗೋಧಿ, ಎಳ್ಳು ಇವುಗಳಿಂದ ಹೆಚ್ಚಾಗಿ ಹೀಗಾಗುತ್ತದೆ. ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಲಕ್ಷಣ ಕಾಣುತ್ತದೆ. ಮೊದಲ ಸಲ ತಿಂದಾಗ ಏನೂ ಆಗದೆ, ಮುಂದೊಮ್ಮೆ ಆಗುವುದೂ ಉಂಟು.

ಅಪಾಯದ ಗುರುತು

ನಾಲ್ಕಾರು ಗಂಧೆ ಮಾತ್ರ ಎದ್ದು, ಮಗು ಆಡಿಕೊಂಡಿದ್ದರೆ ಗಾಬರಿ ಬೇಡ. ಆ ತಿಂಡಿ ನಿಲ್ಲಿಸಿ, ಬಾಯಿ ಒರೆಸಿ, ವೈದ್ಯರಿಗೆ ತೋರಿಸಿ. ಕೆಲವು ಗಂಟೆ ಕಣ್ಣಿಟ್ಟಿರಿ. ಆದರೆ ಉಸಿರಾಡುವಾಗ ಸುಂಯ್ ಎನ್ನುವ ಶಬ್ದ, ಬಿಡದ ಕೆಮ್ಮು, ಧ್ವನಿ ಒಡೆಯುವುದು, ನಾಲಿಗೆ ಊದುವುದು, ಮತ್ತೆ ಮತ್ತೆ ವಾಂತಿ, ಮೈ ಬಿಳಿಚಿಕೊಂಡು ಜೋಲುವುದು ಇವುಗಳಲ್ಲಿ ಯಾವುದೇ ಒಂದು ಕಂಡರೂ ಅದು ತುರ್ತು ಸ್ಥಿತಿ. ಚರ್ಮದ ಮೇಲೆ ಗಂಧೆ ಇಲ್ಲದೆಯೂ ಹೀಗಾಗಬಹುದು.

ಆಗ ಬೇಕಾದ ಔಷಧಿ ಒಂದೇ: ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವ ಅಡ್ರಿನಾಲಿನ್ ಚುಚ್ಚುಮದ್ದು. ಮನೆಯಲ್ಲಿರುವ ಸೆಟಿರಿಜಿನ್ ಸಿರಪ್ ತುರಿಕೆ ತಗ್ಗಿಸುತ್ತದೆ, ಕಟ್ಟುತ್ತಿರುವ ಗಂಟಲನ್ನು ತೆರೆಯುವುದಿಲ್ಲ. ಸಿರಪ್ ಕುಡಿಸಿ ಕಾಯುತ್ತ ಕೂರಬೇಡಿ. ವಾಂತಿ ಮಾಡಿಸಲು ಬಾಯಿಗೆ ಬೆರಳು ಹಾಕಬೇಡಿ. ಮಗುವನ್ನು ಅಂಗಾತ ಮಲಗಿಸಿ ಕಾಲು ಎತ್ತರಿಸಿ. ಉಸಿರಿಗೆ ಕಷ್ಟವಾದರೆ ಮಡಿಲಲ್ಲಿ ಒರಗಿಸಿಕೊಳ್ಳಿ, ವಾಂತಿಯಾದರೆ ಮಗ್ಗುಲಾಗಿಸಿ. ಎತ್ತಿ ನಿಲ್ಲಿಸಬೇಡಿ, ನಡೆಸಬೇಡಿ.

ಮೊದಲ ಚುಚ್ಚುಮದ್ದು ಹತ್ತಿರದಲ್ಲೇ

ಹಳಿಯಾಳದವರಿಗೆ ಧಾರವಾಡದ, ಮುಂಡಗೋಡದವರಿಗೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆ ಮೊದಲು ನೆನಪಾಗುವುದು ಸಹಜ. ಆದರೆ ಅದು ಗಂಟೆ ಹೊತ್ತಿನ ದಾರಿ. ಜೋಯಿಡಾದ ಕಾಡಿನ ಊರುಗಳಿಂದ ದಾಂಡೇಲಿ ತಲುಪುವುದಕ್ಕೇ ಹೊತ್ತು ಹಿಡಿಯುತ್ತದೆ. ತೀವ್ರ ಅಲರ್ಜಿ ಅಷ್ಟು ಹೊತ್ತು ಕಾಯುವುದಿಲ್ಲ. ಅಡ್ರಿನಾಲಿನ್ ದುಬಾರಿ ಔಷಧಿಯಲ್ಲ. ಲಸಿಕೆ ಹಾಕುವ ಕಡೆ ತುರ್ತಿಗೆಂದು ಅದನ್ನು ಇಟ್ಟಿರಬೇಕು. ಆದ್ದರಿಂದ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲೂಕು ಆಸ್ಪತ್ರೆಗೇ ಮೊದಲು ಹೋಗಿ. ದೊಡ್ಡ ಆಸ್ಪತ್ರೆ ಆಮೇಲೆ. 108ಕ್ಕೆ ಕರೆ ಮಾಡಿ; ಸಿಗ್ನಲ್ ಸಿಗದ ಊರಾದರೆ ನೆರೆಯವರ ಗಾಡಿಯಲ್ಲೇ ಹೊರಡಿ. ದುಆ ಮಾಡುತ್ತಲೇ ಹೊರಡಿ. ಚಿಕಿತ್ಸೆ ಪಡೆಯಿರಿ ಎಂಬುದು ಪ್ರವಾದಿಯವರದೇ(ಸ) ಬೋಧನೆ.

ರಾತ್ರಿ ಹೊತ್ತು ಯಾವ ಕೇಂದ್ರ ತೆರೆದಿರುತ್ತದೆ, ಅಲ್ಲಿ ಈ ಚುಚ್ಚುಮದ್ದು ಇದೆಯೇ ಎಂದು ಇವತ್ತೇ ಕೇಳಿಟ್ಟುಕೊಳ್ಳಿ. ಮಗು ಚೇತರಿಸಿಕೊಂಡಿತೆಂದು ಕೂಡಲೇ ಮನೆಗೆ ಕರೆತರಬೇಡಿ. ಕೆಲವು ಗಂಟೆಗಳ ನಂತರ ಲಕ್ಷಣ ಮರುಕಳಿಸಬಹುದು.

ಆಮೇಲೆ

ಮಗು ಏನೇನು ತಿಂದಿತ್ತು, ಎಷ್ಟು ಹೊತ್ತಿಗೆ ಏನಾಯಿತು ಎಂದು ಬರೆದಿಡಿ. ಗಂಧೆಯ ಫೋಟೋ ತೆಗೆದಿಡಿ. ಶೀರ್ ಖುರ್ಮಾದಲ್ಲಿ ಹಾಲು, ಶಾವಿಗೆ, ಗೋಡಂಬಿ, ಪಿಸ್ತಾ ಎಲ್ಲವೂ ಇರುತ್ತವೆ. ಯಾವುದರಿಂದ ಎಂದು ಮಕ್ಕಳ ತಜ್ಞರು ಪರೀಕ್ಷಿಸಿ ಹೇಳಲಿ. 'ಸ್ವಲ್ಪ ಕೊಟ್ಟು ನೋಡೋಣ' ಎಂದು ಮನೆಯಲ್ಲಿ ಪ್ರಯೋಗ ಮಾಡಬೇಡಿ. ಮೊದಲ ಸಲ ಹಗುರವಾಗಿತ್ತೆಂದರೆ ಮುಂದಿನ ಸಲವೂ ಹಾಗೇ ಇರಬೇಕೆಂದಿಲ್ಲ.

ಹಾಗೆಂದು ಹೆದರಿ ಎಲ್ಲ ಆಹಾರವನ್ನೂ ನಿಲ್ಲಿಸಬೇಡಿ. 2015ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ, ಅಲರ್ಜಿಯ ಸಂಭವ ಹೆಚ್ಚಿದ್ದ 640 ಶಿಶುಗಳನ್ನು ಗಮನಿಸಲಾಯಿತು. ಒಂದು ವರ್ಷ ತುಂಬುವ ಮೊದಲೇ ಶೇಂಗಾ ಬೆರೆತ ಆಹಾರ ತಿನ್ನತೊಡಗಿದವರಲ್ಲಿ ಶೇಂಗಾ ಅಲರ್ಜಿ ಬಹಳ ಕಡಿಮೆಯಾಗಿತ್ತು. ಹಾಲು, ಮೊಟ್ಟೆಯ ಅಲರ್ಜಿ ಎಷ್ಟೋ ಮಕ್ಕಳಲ್ಲಿ ಬೆಳೆಯುತ್ತ ಹೋಗಿಬಿಡುತ್ತದೆ.

ಗೋಡಂಬಿ ಅಲರ್ಜಿ ಎಂದು ಗೊತ್ತಾದರೆ ದಾದಿ, ನಾನಿ, ಅಂಗನವಾಡಿ ಟೀಚರ್, ಮದ್ರಸಾದ ಉಸ್ತಾದ್ ಎಲ್ಲರಿಗೂ ತಿಳಿಸಿ. ಮದುವೆ ಮನೆಯ ಕುರ್ಮಾದಲ್ಲಿ ಅರೆದು ಹಾಕಿದ ಗೋಡಂಬಿ ಕಣ್ಣಿಗೆ ಕಾಣುವುದಿಲ್ಲ. ಕೇಳಿ ತಿಳಿದು ಬಡಿಸಿ. ಅದರಲ್ಲಿ ಸಂಕೋಚ ಬೇಡ.