ಮೂರು ಬೆರಳಿನ ಅಳತೆ

“ಬಾಯಲ್ಲಿ ಮೂರು ಬೆರಳು ಇಡಿ, ನೋಡೋಣ.” ಗುಟ್ಕಾ ಜಗಿಯುವವರು ಬಂದರೆ ನನ್ನ ಮೊದಲ ಮಾತು ಇದೇ. ತೋರುಬೆರಳು, ನಡುಬೆರಳು, ಉಂಗುರದ ಬೆರಳು ಒಂದರ ಮೇಲೊಂದಾಗಿ ಮೇಲುಹಲ್ಲಿಗೂ ಕೆಳಹಲ್ಲಿಗೂ ನಡುವೆ ಹಿಡಿಸಬೇಕು. ಹಲ್ಲುನೋವೆಂದು ಬಂದಿದ್ದ ಆಟೋ ಡ್ರೈವರೊಬ್ಬನಿಗೆ ಎರಡು ಬೆರಳೂ ಹಿಡಿಸಲಿಲ್ಲ. ವಯಸ್ಸು 32. “ಖಾರ ತಿಂದ್ರೆ ಬೆಂಕಿ ಇಟ್ಟಂಗೆ ಆಗುತ್ತೆ ಮೇಡಂ, ಮೂರು ಹೊತ್ತೂ ಮೊಸರನ್ನಾನೇ” ಅಂದ.

ಮೊದಲು ನೋಡಿದ ಡಾಕ್ಟರು ಚೀಟಿಯಲ್ಲಿ ‘ಓಎಸ್‌ಎಂಎಫ್’ ಎಂದಷ್ಟೇ ಬರೆದಿದ್ದರು. ಅದು ಮಾತ್ರೆಯ ಹೆಸರೆಂದುಕೊಂಡು ಇವನು ಎರಡು ಮೆಡಿಕಲ್ ಶಾಪ್ ಅಲೆದಿದ್ದನಂತೆ!

ಬಿಡಿಸಿದರೆ, ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಬಾಯಿಯ ಒಳಗಿನ ಒದ್ದೆ ಪೊರೆಯ ಅಡಿಯಲ್ಲಿ ನಾರುಗಟ್ಟುವುದು, ಅಷ್ಟೇ ಅರ್ಥ. ಎಳೆ ಬೆಂಡೆಕಾಯಿ ಬಲಿತು ನಾರಾಗುತ್ತದಲ್ಲ, ಹಾಗೆ. ಕೆನ್ನೆಯೊಳಗೆ ಬೆರಳಾಡಿಸಿದರೆ ಹುರಿಯಂಥ ಪಟ್ಟಿಗಳು ಸಿಗುತ್ತವೆ. 1952ರಲ್ಲಿ ಶ್ವಾರ್ಟ್ಜ್ ಎಂಬ ವೈದ್ಯರು ಕೀನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರಲ್ಲಿ ಇದನ್ನು ಕಂಡು ಬರೆದರು. ಅವರು ಕೊಟ್ಟ ಹೆಸರಿನಲ್ಲಿ ‘ಇಡಿಯೋಪಥಿಕಾ’ ಎಂಬ ಮಾತಿತ್ತು. ವೈದ್ಯರ ಭಾಷೆಯಲ್ಲಿ ಹಾಗೆಂದರೆ ‘ಕಾರಣ ಗೊತ್ತಿಲ್ಲ’.

ಈಗ ಗೊತ್ತು. ಮುಖ್ಯ ಕಾರಣ ಅಡಿಕೆ. ಹೇಳುವಾಗ ನನ್ನ ದನಿ ತುಸು ಇಳಿಯುತ್ತದೆ. ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ, ನಾನು ಹಲ್ಲಿನ ಡಾಕ್ಟರಾಗಿದ್ದೇ ಅಡಿಕೆ ದುಡ್ಡಿನಲ್ಲಿ. ಆದರೂ ಅಡಿಕೆಯ ಅರೆಕೋಲಿನ್ ಆ ನಾರನ್ನು ಬೆಳೆಸುತ್ತದೆ ಎಂಬುದನ್ನು ಮುಚ್ಚಿಡಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಬರಿಯ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಮೊದಲೇ ಅಲ್ಲಿತ್ತು. ಗುಟ್ಕಾದಲ್ಲಿ ಎರಡೂ ಇವೆ. “ನಾನು ತಂಬಾಕು ಮುಟ್ಟಲ್ಲ, ಪಾನ್ ಮಸಾಲ ಅಷ್ಟೇ” ಎನ್ನುವವರ ಸಮಾಧಾನ ಪೊಳ್ಳು.

ಹೊಗೆಸೊಪ್ಪಿಗೆ ಸುಣ್ಣ ತಿಕ್ಕಿ ತುಟಿಯೊಳಗೆ ಇಟ್ಟುಕೊಳ್ಳುವ ಹಿರಿಯರ ಕಥೆ ಬೇರೆ. ಇಟ್ಟ ಜಾಗದಲ್ಲೇ ಪೊರೆ ದಪ್ಪಗಟ್ಟಿ ಬೆಳ್ಳಗಾಗುತ್ತದೆ. ಇದು ಲ್ಯೂಕೋಪ್ಲೇಕಿಯಾ, ‘ಲ್ಯೂಕೋಸ್’ ಎಂದರೆ ಗ್ರೀಕಿನಲ್ಲಿ ಬಿಳಿ. ಒರೆಸಿದರೆ ಹೋಗದು. ನೋವೂ ಇರದು, ಹಾಗಾಗಿ ಯಾರೂ ತೋರಿಸಲು ಬರುವುದಿಲ್ಲ. ಎಲ್ಲ ಬಿಳಿ ಮಚ್ಚೆಯೂ ಕ್ಯಾನ್ಸರ್ ಆಗುವುದಿಲ್ಲ. ಕೆಂಪು ಮಚ್ಚೆ, ಅಂದರೆ ಎರಿತ್ರೋಪ್ಲೇಕಿಯಾ, ಕಂಡರೆ ಮಾತ್ರ ನನಗೇ ಎದೆ ಧಸಕ್ಕೆನ್ನುತ್ತದೆ.

ಬಯಾಪ್ಸಿ ಎಂದರೆ ಎದ್ದು ಹೋಗುವವರಿದ್ದಾರೆ. “ಕತ್ತರಿ ಹಾಕಿದ್ರೆ ಹರಡುತ್ತಂತೆ” ಎಂಬ ಮಾತು ಊರೆಲ್ಲ ಇದೆ. ಹರಡುವುದಿಲ್ಲ. ಜಾಗ ಮರಗಟ್ಟಿಸಿ ಚೂರೇ ಚೂರು ತೆಗೆದು ಸೂಕ್ಷ್ಮದರ್ಶಕದಡಿ ನೋಡುವುದು, ಅಷ್ಟೇ. ಹರಡಲು ಬಿಡುವುದು ನಾವು ಮುಂದೂಡುವ ತಿಂಗಳುಗಳು.

ಡ್ರೈವರ್‌ಗೆ ಇದ್ದದ್ದನ್ನು ಇದ್ದಂತೆ ಹೇಳಿದೆ: ಕಟ್ಟಿದ ನಾರು ಪೂರ್ತಿ ಕರಗುವುದಿಲ್ಲ, ಗುಟ್ಕಾ ಬಿಟ್ಟು ಬಾಯಿಯ ವ್ಯಾಯಾಮ ಮಾಡಿದರೆ ಇನ್ನಷ್ಟು ಬಿಗಿಯದಂತೆ ತಡೆಯಬಹುದು. ಚೀಟಿಯಲ್ಲಿ ಈ ಸಲ ‘ಬಾಯಿ ನಾರುಗಟ್ಟಿದೆ’ ಎಂದು ಕನ್ನಡದಲ್ಲೇ ಬರೆದುಕೊಟ್ಟೆ.

ಬೆಳಿಗ್ಗೆ ಹಲ್ಲುಜ್ಜುವಾಗ ನೀವೂ ಮೂರು ಬೆರಳು ಇಟ್ಟು ನೋಡಿ. ಎರಡು ವಾರ ದಾಟಿದರೂ ಹೋಗದ ಹುಣ್ಣು, ಮಚ್ಚೆ ಇದ್ದರೆ ತೋರಿಸಿ. ತಂಬಾಕು ಬಿಡಲು ಸಹಾಯ ಬೇಕಿದ್ದರೆ 1800-11-2356ಕ್ಕೆ ಕರೆ ಮಾಡಿ, ದುಡ್ಡು ಕೊಡಬೇಕಿಲ್ಲ.